ಈರುಳ್ಳಿ ಶೆಡ್ಡಿಗೆ ಬಂದ ಪದ್ಮಮ್ಮ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಜ್ಜಂಪುರದ ಒಂದು ಈರುಳ್ಳಿ ಶೆಡ್ಡಿನಲ್ಲಿ, ಹದಿನಾಲ್ಕು ಹೆಂಗಸರ ಮುಂದೆ ಕೂತು, ಪುಸ್ತಕದಲ್ಲಿ ಇಲ್ಲದ ಹತ್ತೊಂಬತ್ತು ಪುಟಗಳನ್ನು ಪುಸ್ತಕದಲ್ಲಿ ಇದೆ ಅಂತಲೇ ಓದಿದವನು ನಾನು. ಧ್ವನಿ ಏರಿಸಿ, ಇಳಿಸಿ, ನಡುವೆ ಒಂದು ಕಡೆ ಗಂಟಲು ಕಟ್ಟಿದ ಹಾಗೆ ನಟಿಸಿ ಓದಿದೆ. ಸಿಕ್ಕಿಬಿದ್ದೆ. ಸಿಕ್ಕಿಬೀಳುವುದು ನನಗೆ ಹೊಸದಲ್ಲ, ಅದಕ್ಕೆ ನಾಚಿಕೆಯೂ ಇಲ್ಲ. ಆದರೆ ಅವರು ನನ್ನನ್ನು ಹಿಡಿದ ರೀತಿ ಇದೆಯಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹೋದ ವಾರ ತರೀಕೆರೆಯಿಂದ ಅಜ್ಜಂಪುರದ ಬಸ್ಸು ಹತ್ತಿದ್ದೆ. ರಸ್ತೆ ರಿಪೇರಿ ಅಂತ ಒಂದು ಕಡೆ ವಾಹನಗಳನ್ನು ನಿಲ್ಲಿಸಿದ್ದರು. ನಮ್ಮ ಪಕ್ಕಕ್ಕೇ ಈರುಳ್ಳಿ ತುಂಬಿದ ಲಾರಿಯೊಂದು ಬಂದು ನಿಂತಿತು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಹೆಚ್ಚಿದ ಈರುಳ್ಳಿಯ ಘಾಟಲ್ಲ ಅದು. ಒಣಗಿದ ಸಿಪ್ಪೆ, ಅದಕ್ಕೆ ಅಂಟಿದ ಮಣ್ಣು, ಗೋಣಿಚೀಲ, ಮೂರೂ ಸೇರಿ ಬರುವ ಒಂದು ಬೆಚ್ಚನೆ ವಾಸನೆ. ಪಕ್ಕದವರು ಕರ್ಚೀಫು ಮೂಗಿಗೆ ಹಿಡಿದರು; ನಾನು ಮೂಗನ್ನೇ ಕಿಟಕಿಯಾಚೆ ಹಾಕಿದೆ. ಕಂಡಕ್ಟರು ತಲೆ ಒಳಗೆ ಹಾಕ್ರೀ ಅಂತ ಗದರಿದ. ಅವನದೇ ಧ್ವನಿಯಲ್ಲಿ, ಹಾಕಿದೆ ಕಣ್ರೀ ಅಂದೆ. ಬಸ್ಸೆಲ್ಲ ನಕ್ಕಿತು, ಅವನೊಬ್ಬನನ್ನು ಬಿಟ್ಟು.

ಮೂರು ವರ್ಷದ ಹಿಂದೆಯೂ ಇದೇ ಚಾಳಿ, ಆಗ ಇನ್ನೂ ಸ್ವಲ್ಪ ಜಾಸ್ತಿ. ಕಡೂರಿನಲ್ಲಿ ಬಿ.ಎ. ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಿದ್ದೆ. ಮನೆಯಲ್ಲಿ ಕೂತರೆ ಎಲ್ಲರನ್ನೂ ಅಣಕಿಸುತ್ತಾನೆ ಅಂತ ಅಮ್ಮ ನನ್ನನ್ನು ಅಜ್ಜಂಪುರಕ್ಕೆ, ಅವಳ ಅಣ್ಣನ ಹತ್ತಿರ ಕಳಿಸಿದಳು. ಮಾವ ಈರುಳ್ಳಿ ವ್ಯಾಪಾರಿ. ಹೊಲದಿಂದ ಬಂದ ಈರುಳ್ಳಿಯನ್ನು ಶೆಡ್ಡಿನಲ್ಲಿ ಗುಡ್ಡೆ ಹಾಕಿಸುತ್ತಿದ್ದ. ಹೆಂಗಸರು ಸುತ್ತ ಕೂತು, ಸಣ್ಣ ಕುಡುಗೋಲಿನಿಂದ ಒಣಗಿದ ದಂಟನ್ನೂ ಬೇರನ್ನೂ ಕೊಯ್ದು, ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ ಎಸೆಯುತ್ತಿದ್ದರು. ತುಂಬಿದ ಚೀಲದ ಬಾಯನ್ನು ದಬ್ಬಳದಿಂದ ಹೊಲಿಯುವುದು ನನ್ನ ಕೆಲಸ. ಬಿ.ಎ. ಪದವಿಗೆ ತಕ್ಕ ಕೆಲಸ ಅಂತ ಮಾವ ಎಲ್ಲರ ಮುಂದೆ ಹೇಳುತ್ತಿದ್ದ. ಮೊದಲ ವಾರವೇ ನಾನು ಮಾವನ ಧ್ವನಿಯಲ್ಲಿ ಗೋಡೆಯಾಚೆಯಿಂದ ಹಮಾಲರನ್ನು ಟೀ ಕುಡಿಯಲು ಕಳಿಸಿಬಿಟ್ಟೆ. ಮಾವ ಬಂದು ನೋಡಿದರೆ ಅರ್ಧ ತುಂಬಿದ ಲಾರಿ, ಜನ ಇಲ್ಲ. ಅವತ್ತಿನಿಂದ ನನ್ನನ್ನು ಹೆಂಗಸರ ಮಧ್ಯೆ ಕೂರಿಸಿದ, ಅವರು ನನ್ನನ್ನು ಹದ್ದುಬಸ್ತಿನಲ್ಲಿ ಇಡುತ್ತಾರೆ ಅಂತ.

ಹದಿನಾಲ್ಕು ಜನರಲ್ಲಿ ಮೂವರನ್ನು ಹೇಳಿದರೆ ಸಾಕು. ಹೊನ್ನಜ್ಜಿ ಎಲ್ಲರಿಗಿಂತ ಹಿರಿಯಳು. ಬಾಯಲ್ಲಿ ನಾಲ್ಕು ಹಲ್ಲು, ಆ ನಾಲ್ಕರಲ್ಲೇ ಊರನ್ನೆಲ್ಲ ಕಚ್ಚುತ್ತಿದ್ದಳು. ಶಾಂತಕ್ಕ ಮೂವತ್ತರ ಒಳಗಿನವಳು, ಕೈಗಿಂತ ಬಾಯಿ ಚುರುಕು. ರತ್ನಕ್ಕ ಐವತ್ತು ದಾಟಿದವಳು. ಗಟ್ಟಿ ಮೈ, ಗಟ್ಟಿ ದನಿ. ಗುಂಪಿನಲ್ಲಿ ಯಾರು ಎಲ್ಲಿ ಕೂರಬೇಕು, ಯಾವಾಗ ಏಳಬೇಕು ಅನ್ನುವುದೆಲ್ಲ ಅವಳ ಮಾತಿನ ಮೇಲೆ. ಮಾವ ಕೂಡ ಅವಳ ಹತ್ತಿರ ಬಂದಾಗ ದನಿ ಇಳಿಸುತ್ತಿದ್ದ. ಸಹಜವಾಗಿ ನಾನು ಅಣಕಿಸಲು ಕಲಿತ ಮೊದಲ ಧ್ವನಿ ಅವಳದೇ.

ಪುಸ್ತಕ ಬಂದದ್ದು ರದ್ದಿಯ ಜೊತೆ. ಚೀಲದ ಅಡಿಗೆ ಹಾಸಲು ಮಾವ ಹಳೇ ಕಾಗದದ ಕಟ್ಟುಗಳನ್ನು ತರಿಸಿದ್ದ. ಅದರಲ್ಲಿ ಒಂದು ಕಾದಂಬರಿ ಇತ್ತು. ರಟ್ಟಿಲ್ಲ, ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಊಟದ ಮೇಲೆ ತಮಾಷೆಗೆ ಅಂತ ಎರಡು ಪುಟ ಗಟ್ಟಿಯಾಗಿ ಓದಿದೆ, ಒಬ್ಬೊಬ್ಬರಿಗೆ ಒಂದೊಂದು ದನಿ ಕೊಟ್ಟು. ಕಥೆಯಲ್ಲಿ ಒಂದು ಮನೆ, ಇಬ್ಬರು ಓರಗಿತ್ತಿಯರು. ದೊಡ್ಡವಳು ಪದ್ಮಮ್ಮ, ಮಕ್ಕಳಿಲ್ಲ. ಚಿಕ್ಕವಳು ಕಮಲ, ಗಂಡ ತೀರಿಕೊಂಡಿದ್ದಾನೆ, ಮೂರು ವರ್ಷದ ಮಗ ಶೀನು. ಮನೆಯ ಅಕ್ಕಿ ಅಳೆಯುವುದು ಪದ್ಮಮ್ಮನೊಬ್ಬಳೇ. ಬೇರೆ ಯಾರೂ ಅಕ್ಕಿ ಡಬ್ಬ ಮುಟ್ಟುವ ಹಾಗಿಲ್ಲ. ಇಂಥ ಯಜಮಾನಿಗೆ ನಾನು ಯಾರ ದನಿ ಕೊಡಲಿ? ರತ್ನಕ್ಕನದೇ ಕೊಟ್ಟೆ. ಹೆಂಗಸರು ಕುಡುಗೋಲು ಕೆಳಗಿಟ್ಟು ನಕ್ಕರು. ರತ್ನಕ್ಕನೂ ನಕ್ಕಳು. ಓದು, ನಾನು ಮುಂದೇನು ಮಾಡ್ತೀನೋ ನೋಡಾಣ, ಅಂದಳು.

ಹಾಗೆ ಶುರುವಾದದ್ದು ಆರು ವಾರ ನಡೆಯಿತು. ದಿನಾ ಊಟದ ಮೇಲೆ ಒಂದು ಗಂಟೆ. ಕೈ ನಿಲ್ಲುವುದಿಲ್ಲ, ಇನ್ನೂ ಬೇಗ ಓಡುತ್ತದೆ ಅಂತ ಕಂಡದ್ದರಿಂದ ಮಾವ ಸುಮ್ಮನಿದ್ದ.

ನಾನು ಕಾಲೇಜಿನಲ್ಲಿ ಕಾದಂಬರಿ, ನಾಟಕ ಎಲ್ಲ ಓದಿದವನು, ಅಂದರೆ ಗೈಡು ಓದಿದವನು. ಪಾತ್ರಚಿತ್ರಣ ಬರೆಯಿರಿ ಅಂತ ಕೇಳಿದರೆ ನನ್ನ ಹತ್ತಿರ ಒಂದು ಅಚ್ಚು ಇತ್ತು. ಮೊದಲು ಇವಳು ಕೃತಿಯ ಪ್ರಮುಖ ಪಾತ್ರ ಅನ್ನುವುದು. ಆಮೇಲೆ ಇವಳು ತ್ಯಾಗದ ಪ್ರತೀಕ ಅಥವಾ ಅಸೂಯೆಯ ಪ್ರತೀಕ, ಎರಡರಲ್ಲಿ ಒಂದು. ಕೊನೆಗೆ ಲೇಖಕರು ಮನೋಜ್ಞವಾಗಿ ಚಿತ್ರಿಸಿದ್ದಾರೆ ಅನ್ನುವುದು. ಈ ಅಚ್ಚಿನಲ್ಲಿ ಯಾರನ್ನು ಹಾಕಿದರೂ ಹತ್ತಕ್ಕೆ ಏಳು ಬರುತ್ತಿತ್ತು. ಮನುಷ್ಯರನ್ನು ನಾನು ಬಲ್ಲೆ ಅಂತಲೂ ನಂಬಿದ್ದೆ. ಯಾರ ದನಿ ಬೇಕಾದರೂ ತೆಗೆಯುವವನಿಗೆ ಅವರ ಒಳಗು ಗೊತ್ತಿರುವುದಿಲ್ಲವೇ?

ಎರಡನೇ ವಾರ ಕಾಗದದ ಪ್ರಸಂಗ ಬಂತು. ಕಮಲಳ ಅಪ್ಪ ಊರಿಂದ ಕಾಗದ ಬರೆಯುತ್ತಾನೆ, ಮಗುವನ್ನು ಕರೆದುಕೊಂಡು ಬಂದುಬಿಡು, ಇಲ್ಲೇ ಇರು ಅಂತ. ಕಾಗದ ಪದ್ಮಮ್ಮನ ಕೈಗೆ ಸಿಗುತ್ತದೆ. ಅವಳು ಅಂಚೆಯವನಿಂದಲೇ ಓದಿಸಿ ತಿಳಿದುಕೊಂಡು, ಅಕ್ಕಿ ಡಬ್ಬದ ಮುಚ್ಚಳ ತೆಗೆದು, ಮೊಣಕೈವರೆಗೆ ಕೈ ಇಳಿಸಿ, ಅಕ್ಕಿಯ ಅಡಿಯಲ್ಲಿ ಇಡುತ್ತಾಳೆ. ಓದುತ್ತಾ ನಾನು ಇಲ್ಲಿ ಒಂದು ಕೇಡಿಗನ ನಗೆ ಹಾಕಿದೆ. ಗಂಟಲಿನ ಅಡಿಯಿಂದ ಬರುವಂಥದು.

ಹೊನ್ನಜ್ಜಿ ಕುಡುಗೋಲು ಎತ್ತಿ ನನ್ನ ಕಡೆ ತೋರಿಸಿದಳು. "ನಿಲ್ಸು. ಆ ನಗು ಪುಸ್ತಕದಲ್ಲಿ ಐತಾ?"

ಇಲ್ಲ ಅಂದೆ.

"ಮತ್ತೆ ಯಾರ್ದು?"

"ನಂದೇ, ಅಜ್ಜಿ."

"ನಿಂದು ನಿನ್ ತಾವ ಮಡಗ್ಕೋ. ಅವ್ಳದ್ದು ಓದು."

ಪದ್ಮಮ್ಮನಿಗೆ ಹೊಟ್ಟೆಕಿಚ್ಚು, ಕಮಲ ಹೋದರೆ ಮನೆಗೆಲಸಕ್ಕೆ ಜನ ಇಲ್ಲ, ಅದಕ್ಕೇ ಬಚ್ಚಿಟ್ಟಳು ಅಂತ ನಾನು ವಾದಿಸಿದೆ. ಪರೀಕ್ಷೇಲೂ ಹಿಂಗೇ ಬರ್ದು ಪಾಸಾದ್ಯಾ ಮಂಜಣ್ಣ, ಅಂತ ಶಾಂತಕ್ಕ ಕೇಳಿದಳು. ಹೊನ್ನಜ್ಜಿ ಮಾತ್ರ ನಗಲಿಲ್ಲ. ಕಾಗದ ಬಂದಾಗ ಪದ್ಮಮ್ಮ ಏನು ಮಾಡುತ್ತಿದ್ದಳು ಅಂತ ಪುಟ ತಿರುಗಿಸಿ ನೋಡಿ ಹೇಳು ಅಂದಳು. ಒಲೆ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದಳು ಅಂದೆ. ಒಲೆ ಉರಿಯುತ್ತಿತ್ತಾ ಅಂದಳು. ಉರಿಯುತ್ತಿತ್ತು.

"ಉರಿಯೋ ಒಲೆ ಮುಂದ್ಗಡೆ ಐತೆ. ಸುಡ್ಲಿಲ್ಲ. ಎದ್ದೋಗಿ ಅಕ್ಕೀಲಿ ಮಡಗಿದ್ಲು. ಸುಡ್ದೆ ಮಡಗಿದೋಳು ಒಂದಿನ ಕೊಡೋಳೇ ಕಣೋ."

ನಾನು ಪುಟ ನೋಡುತ್ತಾ ಕೂತುಬಿಟ್ಟೆ. ಒಲೆ ಅಲ್ಲೇ ಇತ್ತು. ನಾನೇ ಓದಿದ್ದೆ, ಬೆಂಕಿ ಚಟಪಟ ಅನ್ನುವ ಸದ್ದನ್ನೂ ಬಾಯಲ್ಲಿ ಮಾಡಿದ್ದೆ. ಆದರೆ ನೋಡಿರಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಶುರು ಮಾಡಿದರು. ಮೊದಲ ವಾರ ಓದಿದ ಒಂದು ಸಾಲನ್ನು ಶಾಂತಕ್ಕ ಎತ್ತಿದಳು. ಶೀನು ಅಂಗಳದಲ್ಲಿ ಬಿದ್ದು ಅಳುತ್ತಾ ಪದ್ಮಮ್ಮನ ಕಡೆ ಓಡಿ ಬಂದಿದ್ದ. ಪದ್ಮಮ್ಮ ಅವನ ಎರಡೂ ಭುಜ ಹಿಡಿದು, ತಾಯಿಯ ಕಡೆ ತಿರುಗಿಸಿ ಕಳಿಸಿದ್ದಳು. ಅವತ್ತೇ ಅವಳಿಗೆ ಹೆದರಿಕೆ ಹುಟ್ಟಿದ್ದು ಅಂದಳು ಶಾಂತಕ್ಕ. ಈ ಮಗು ನಂದಲ್ಲ ಅಂತ ತನಗೆ ತಾನೇ ಹೇಳಿಕೊಂಡಳು, ಅದಾದ ಮೇಲೆ ಅವಳು ಮಗುವನ್ನು ಎತ್ತಿಕೊಂಡೇ ಇಲ್ಲ, ನೀನು ಓದಿದ್ದರಲ್ಲಿ ಎಲ್ಲಾದರೂ ಇದ್ದರೆ ಹೇಳು. ಇದು ಸುಳ್ಳಾಗಿರಬೇಕು ಅಂತ ನಾನು ಚೀಲ ಹೊಲಿಯುವುದು ಬಿಟ್ಟು, ಅರವತ್ತು ಪುಟ ಹಿಂದಕ್ಕೆ ಹೋಗಿ ಹುಡುಕಿದೆ. ಪದ್ಮಮ್ಮ ಮಗುವಿಗೆ ಊಟ ಹಾಕುತ್ತಾಳೆ, ತಲೆ ಬಾಚುತ್ತಾಳೆ, ಚಡ್ಡಿ ಒಗೆಯುತ್ತಾಳೆ. ಎತ್ತಿಕೊಂಡದ್ದು ಒಂದು ಕಡೆಯೂ ಇಲ್ಲ. ಬರೆದವರಿಗಾದರೂ ಇದು ಗೊತ್ತಿತ್ತೋ ಇಲ್ಲವೋ. ಅಕ್ಷರ ಬಾರದ ಹೆಂಗಸರು, ಕೈಯಲ್ಲಿ ಈರುಳ್ಳಿ ಕೊಯ್ಯುತ್ತಾ, ಒಂದೇ ಸಲ ಕಿವಿಯಲ್ಲಿ ಕೇಳಿ, ಇಲ್ಲದಿರುವುದನ್ನು ಲೆಕ್ಕ ಇಟ್ಟುಕೊಂಡಿದ್ದರು. ಇರುವುದನ್ನು ನೆನಪಿಟ್ಟುಕೊಳ್ಳುವವರನ್ನು ನಾನು ನೋಡಿದ್ದೆ. ಇದು ಬೇರೆ.

ಅವತ್ತು ಬಾಯೇ ಬಿಡದೆ ಇದ್ದವಳು ರತ್ನಕ್ಕ ಒಬ್ಬಳು. ಎಲ್ಲರೂ ಮಾತಾಡುವಾಗ ಅವಳ ಮಡಿಲಲ್ಲಿದ್ದ ಫೋನು ಬಡಿದುಕೊಂಡಿತು. ಅವಳು ನಂಬರು ನೋಡಿ, ಕಟ್ ಮಾಡಿ, ಫೋನನ್ನು ಬೋರಲಾಗಿಟ್ಟಳು. ಅದನ್ನು ದಿನಾ ಹಾಗೇ ಮಾಡುತ್ತಿದ್ದಳು ಅನ್ನುವುದು ನನಗೆ ಆಮೇಲೆ ಹೊಳೆಯಿತು.

ನೀರಿನ ಡ್ರಮ್ಮಿನ ಹತ್ತಿರ ಶಾಂತಕ್ಕ ಹೇಳಿದಳು. ರತ್ನಕ್ಕನ ಮನೆಯಲ್ಲಿ ಭವ್ಯ ಅಂತ ಹುಡುಗಿ ಇದ್ದಾಳಲ್ಲ, ತರೀಕೆರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಸಂಜೆ ಬಸ್ಸಿಳಿದು ನೇರ ಶೆಡ್ಡಿಗೇ ಬರುವವಳು, ಅವಳು ರತ್ನಕ್ಕನ ಹೆತ್ತ ಮಗಳಲ್ಲ. ಮೈದುನನ ಮಗಳು. ಮೈದುನ ತೀರಿಕೊಂಡಾಗ ಮಗುವಿಗೆ ಎರಡು ವರ್ಷ. ಓರಗಿತ್ತಿ ಸುಧಾ ಆ ಮಗುವನ್ನು ರತ್ನಕ್ಕನ ಮಡಿಲಿಗೆ ಬಿಟ್ಟು ಸಖರಾಯಪಟ್ಟಣದಲ್ಲಿ ಇನ್ನೊಂದು ಮದುವೆ ಆದಳು. ಹೋದವಳು ತಿರುಗಿ ನೋಡಲಿಲ್ಲ. ನಿಮ್ಮಮ್ಮ ಒಂದಿನಾನೂ ನಿನ್ನ ಕೇಳ್ಲಿಲ್ಲ ಅಂತಲೇ ರತ್ನಕ್ಕ ಆ ಹುಡುಗಿಗೆ ಹೇಳಿಕೊಂಡು ಬಂದಿದ್ದಳು, ಅದು ನಿಜವೂ ಆಗಿತ್ತು. ಇಪ್ಪತ್ತು ವರ್ಷ ನಿಜವಾಗಿದ್ದದ್ದು ಈಗ ನಾಲ್ಕು ತಿಂಗಳಿಂದ ಸುಳ್ಳಾಗಿತ್ತು. ಭವ್ಯಳ ಮದುವೆ ಗೊತ್ತಾದ ಸುದ್ದಿ ಸಖರಾಯಪಟ್ಟಣಕ್ಕೆ ಮುಟ್ಟಿ, ಸುಧಾ ದಿನಾ ಫೋನ್ ಮಾಡುತ್ತಿದ್ದಳು, ಮಗಳ ಹತ್ತಿರ ಒಂದು ಮಾತಾಡಿಸು ಅಂತ. ರತ್ನಕ್ಕ ಕಟ್ ಮಾಡುತ್ತಿದ್ದಳು. ಭವ್ಯಳಿಗೆ ಏನೂ ಗೊತ್ತಿಲ್ಲ.

ಊರಲ್ಲಿ ಇಷ್ಟು ಜನರ ದನಿ ಇರುವಾಗ ನಾನು ಪದ್ಮಮ್ಮನಿಗೆ ಯಾರ ದನಿ ಕೊಟ್ಟಿದ್ದೆ? ಮಾರನೇ ದಿನ ಪದ್ಮಮ್ಮನ ಮಾತು ಬಂದಾಗ ನನ್ನ ನಾಲಿಗೆ ತಡವರಿಸಿತು. ದನಿ ಬದಲಾಯಿಸಿ, ಬೀರೂರು ಸ್ಟೇಷನ್ನಿನಲ್ಲಿ ರೈಲು ಬರುವುದನ್ನು ಹೇಳುತ್ತಾಳಲ್ಲ ಆ ಹೆಂಗಸಿನ ದನಿ ಕೊಟ್ಟೆ. ಪದ್ಮಮ್ಮ ರೊಟ್ಟಿಗೆ ಕರೆದರೆ ಪ್ಲಾಟ್‌ಫಾರಂ ನಂಬರ್ ಎರಡಕ್ಕೆ ಕರೆದ ಹಾಗಿತ್ತು. ರತ್ನಕ್ಕ ತಲೆ ಎತ್ತದೆ, ಮೊದ್ಲಿನ್ ದನೀನೇ ಇರ್ಲಿ ಬಿಡು, ಅವ್ಳಿಗೆ ಅದೇ ಒಪ್ಪುತ್ತೆ, ಅಂದಳು.

ಕಥೆಯಲ್ಲಿ ಎರಡನೇ ಕಾಗದ ಬಂತು, ಮೂರನೇದು ಬಂತು. ಎಲ್ಲವೂ ಅಕ್ಕಿಯ ಅಡಿಗೆ ಹೋದವು. ಮೂರನೇ ಕಾಗದದಲ್ಲಿ ಅಪ್ಪನಿಗೆ ಕಾಯಿಲೆ. ಕಮಲ ಮಾತ್ರ ತವರಿನವರು ಮರೆತೇಬಿಟ್ಟರು ಅಂತ ದಿನಾ ಬಾಗಿಲು ನೋಡುತ್ತಾಳೆ. ಶೆಡ್ಡಿನಲ್ಲಿ ಎರಡು ಪಕ್ಷವಾಯಿತು. ಸಾಯುವ ಅಪ್ಪನನ್ನು ನೋಡಗೊಡದ ಪದ್ಮಮ್ಮನನ್ನು ಕ್ಷಮಿಸಬಾರದು ಅನ್ನುವವರು ಕೆಲವರು. ಮತ್ತೆ ಕೆಲವರು, ಬಿಟ್ಟು ಹೋಗುವವರನ್ನು ಕಟ್ಟಿ ಹಾಕುವುದು ತಪ್ಪೇ, ಆದರೆ ಬಿಟ್ಟು ಹೋದ ಮೇಲೆ ಉಳಿಯುವವಳ ಮನೆ ಹೇಗಿರುತ್ತೆ ಅಂತ ಯಾರಾದರೂ ನೋಡಿದ್ದೀರಾ ಅಂದರು. ಯಾರ ಕಣ್ಣೂ ರತ್ನಕ್ಕನ ಕಡೆ ಹೋಗಲಿಲ್ಲ. ಹೋಗದಂತೆ ಎಲ್ಲರೂ ಎಷ್ಟು ಎಚ್ಚರ ವಹಿಸಿದರು ಅಂದರೆ, ಅದನ್ನು ನೋಡಿಯೇ ಎಲ್ಲರಿಗೂ ಗೊತ್ತಿದೆ ಅಂತ ನನಗೆ ತಿಳಿಯಿತು. ಅವರು ಪದ್ಮಮ್ಮನ ಹೆಸರು ಹಿಡಿದು, ರತ್ನಕ್ಕನಿಗೆ ಹೇಳಲಾಗದ್ದನ್ನು ಅವಳ ಎದುರಿಗೇ ಹೇಳುತ್ತಿದ್ದರು. ಅವಳು ಕೇಳಿಸಿಕೊಳ್ಳುತ್ತಿದ್ದಳು. ಯಾರಿಗೂ ಯಾವ ಮುಜುಗರವೂ ಆಗುತ್ತಿರಲಿಲ್ಲ. ಕಾದಂಬರಿ ಯಾತಕ್ಕೆ ಬರೀತಾರೆ ಅಂತ ಮೂರು ವರ್ಷ ಕಾಲೇಜಿನಲ್ಲಿ ಕೂತರೂ ತಿಳಿಯದ್ದು ಅಲ್ಲಿ, ಸಿಪ್ಪೆಯ ಮೇಲೆ ಕೂತು, ತಿಳಿಯಿತು.

ಐದನೇ ವಾರದ ಕೊನೆಗೆ, ಎಲ್ಲರೂ ಕೈಕಾಲು ತೊಳೆಯಲು ಎದ್ದಾಗ, ರತ್ನಕ್ಕ ನನ್ನ ಹತ್ತಿರ ನಿಂತಳು. ದನಿ ತಗ್ಗಿಸಿ, "ಆ ಕಾಗದ ಕೊಟ್ಲಾ ಇಲ್ವಾ? ಅಷ್ಟು ಹೇಳಪ್ಪ ಸಾಕು," ಅಂದಳು. ನಾಡಿದ್ದು ಗೊತ್ತಾಗುತ್ತೆ ರತ್ನಕ್ಕ ಅಂದೆ. ಅವಳು ಹೂಂ ಅಂದು ಹೋದಳು. ಹುಡುಗನ ಕಡೆಯವರು ಮದುವೆ ಕಾಗದ ಅಚ್ಚು ಹಾಕಿಸಲು ಹೆಸರು ಕೇಳಿದ್ದರಂತೆ. ಹುಡುಗಿಯ ತಾಯಿ ಅಂತ ಯಾರ ಹೆಸರು ಹಾಕಬೇಕು ಅನ್ನುವುದು ಅವಳ ತಲೆಯಲ್ಲಿತ್ತು ಅಂತ ಶಾಂತಕ್ಕ ಹೇಳಿದಳು.

ಆ ಸಂಜೆ ಮುಂದಿನದನ್ನು ಓದಿ ನೋಡೋಣ ಅಂತ ಪುಸ್ತಕ ತೆಗೆದರೆ, ಇನ್ನೂರ ಹನ್ನೆರಡನೇ ಪುಟಕ್ಕೆ ಪುಸ್ತಕ ಮುಗಿದಿತ್ತು. ಕಥೆ ಮುಗಿದಿರಲಿಲ್ಲ. "ಪದ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಕಮಲಳನ್ನು ಕರೆದು," ಅಂತ ಇತ್ತು. ಮುಂದಿನ ಹಾಳೆಗಳು ಯಾವ ಚೀಲದ ಅಡಿಗೆ ಹೋಗಿದ್ದವೋ.

ಇಲ್ಲಿ ಮರ್ಯಾದಸ್ಥ ಆಗಿದ್ದರೆ ಪುಟ ಇಲ್ಲ ಅಂತ ಹೇಳುತ್ತಿದ್ದ. ನಾನು ಬಿ.ಎ. ಓದಿದವನು. ಮಾರನೇ ದಿನ ಮಳೆ ಹಿಡಿದು ಶೆಡ್ಡಿನ ಕೆಲಸ ನಿಂತಿತು. ಬೆಳಗಿನಿಂದ ಮಾವನ ಮನೆ ಜಗಲಿಯಲ್ಲಿ ಕೂತು ಹತ್ತೊಂಬತ್ತು ಪುಟ ಬರೆದೆ. ರತ್ನಕ್ಕನಿಗೆ ಒಳ್ಳೇದಾಗಲಿ ಅಂತಲೇ ಬರೆದೆ, ಸುಳ್ಳಲ್ಲ. ಪದ್ಮಮ್ಮ ಕಾಗದಗಳನ್ನೆಲ್ಲ ತಂದು ಕಮಲಳ ಮಡಿಲಿಗೆ ಹಾಕಿ, ಅವಳ ಕಾಲು ಹಿಡಿದುಕೊಂಡು, ತಂಗೀ ನಾನು ಪಾಪಿ ಅಂತ ಗೋಳೋ ಅಂತ ಅಳುತ್ತಾಳೆ. ಕಮಲ ಅವಳನ್ನು ಎತ್ತಿ ತಬ್ಬಿಕೊಳ್ಳುತ್ತಾಳೆ. ಬರೆದು ನಾನೇ ಓದಿಕೊಂಡೆ. ಗಂಟಲು ಕಟ್ಟಬೇಕಾದ ಕಡೆ ಒಂದು ಗುರುತು ಹಾಕಿಕೊಂಡೆ. ಹಾಳೆಗಳನ್ನು ಪುಸ್ತಕದ ಒಳಗಿಟ್ಟು ಮಾರನೇ ದಿನ ಗಂಭೀರವಾಗಿ ಹೋದೆ.

ಓದಿದೆ. ಯಾರೂ ನಡುವೆ ಮಾತಾಡಲಿಲ್ಲ. ಅದು ನನ್ನ ಪ್ರತಿಭೆ ಅಂತ ತಿಳಿದೆ. ಈರುಳ್ಳಿ ಮುಂದೆ ಕೂತವರು ಕಣ್ಣು ಒರೆಸಿಕೊಂಡರು ಅಂತ ಬರೆದರೆ ನೀವು ನಂಬುವುದಿಲ್ಲ. ನಿಜ ಹೇಳಬೇಕೆಂದರೆ ಒಬ್ಬರೂ ಒರೆಸಿಕೊಳ್ಳಲಿಲ್ಲ. ಮುಗಿಸಿ ತಲೆ ಎತ್ತಿದೆ. ಹೊನ್ನಜ್ಜಿ ಕೊಯ್ದ ಈರುಳ್ಳಿಯೊಂದನ್ನು ಎಸೆದು, ಇದು ಯಾರೋ ಬೇರೆಯೋರು ಬರ್ದಿರೋದು, ಅಂದಳು.

ಹೇಗೆ ಅಂತ ಕೇಳಿದೆ.

ಇನ್ನೂರು ಪುಟದಲ್ಲಿ ಪದ್ಮಮ್ಮ ಕಮಲಳನ್ನು ಒಂದು ಸಲವೂ ತಂಗಿ ಅಂದಿಲ್ಲ, ಇವತ್ತು ಎಲ್ಲಿಂದ ಬಂತು ಅಂದಳು ಶಾಂತಕ್ಕ. ಕೈ ಸುಟ್ಟುಕೊಂಡ ದಿನವೂ ಮೊದಲು ಪಾತ್ರೆ ಇಳಿಸಿ ಆಮೇಲೆ ಕೈ ನೋಡಿಕೊಂಡವಳು, ನಾಲ್ಕು ಜನರ ಮುಂದೆ ಬಿದ್ದು ಹೊರಳಾಡುತ್ತಾಳಾ ಅಂತ ಇನ್ನೊಬ್ಬಳು ಕೇಳಿದಳು. ಹೊನ್ನಜ್ಜಿ ಎಲ್ಲಕ್ಕಿಂತ ದೊಡ್ಡದನ್ನು ಹೇಳಿದಳು: ಕಾಲಿಗೆ ಬಿದ್ದರೆ ಕಮಲ ಏನು ಮಾಡೋಕಾಗ್ತದೆ? ಕ್ಷಮಿಸಲೇಬೇಕು. ಸಿಟ್ಟು ಮಾಡಿಕೊಳ್ಳೋಕೂ ಜಾಗ ಇಲ್ಲದಂಗೆ ಮಾಡೋದು ಕೊಡೋದಲ್ಲ, ಇನ್ನೊಂದು ಸಲ ಕಿತ್ಕೊಳ್ಳೋದು. ಪದ್ಮಮ್ಮ ಅಂಥೋಳಲ್ಲ.

ಆಗ ರತ್ನಕ್ಕ ಬಾಯಿ ತೆರೆದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಇದು ಪದ್ಮಮ್ಮಂಗೆ ಬರ್ದಿದ್ದಲ್ಲ ಕಣಪ್ಪ. ನಂಗೆ ಬರ್ದಿದ್ದು."

ಒಪ್ಪಿಕೊಂಡೆ. ಹಾಳೆಗಳನ್ನು ತೆಗೆದು ತೋರಿಸಿದೆ. ಆ ಹೊತ್ತಿಗೆ ಯಾರ ದನಿಯೂ ನೆನಪಿಗೆ ಬರಲಿಲ್ಲ, ನನ್ನದೇ ದನಿಯಲ್ಲಿ ಮಾತಾಡಿದೆ, ಅದು ತೀರಾ ಸಣ್ಣದಾಗಿತ್ತು. ಬೈಗುಳಕ್ಕೆ ಕಾದೆ. ರತ್ನಕ್ಕ ಬೈಯಲಿಲ್ಲ. ಪುಸ್ತಕದಲ್ಲಿ ನಿಜವಾಗಿ ಕೊನೆಗಿದ್ದ ಸಾಲು ಯಾವುದು, ಅದನ್ನ ಓದು ಅಂದಳು. ಪದ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಕಮಲಳನ್ನು ಕರೆದು, ಅಂತ ಓದಿ ನಿಲ್ಲಿಸಿದೆ.

ಕೈ ಒರೆಸ್ಕೊಂಡ್ಲಾ, ಅಂತ ಹೊನ್ನಜ್ಜಿ ತನ್ನಷ್ಟಕ್ಕೆ ಅಂದುಕೊಂಡಳು. ರತ್ನಕ್ಕ ಒಂದು ಗೆಡ್ಡೆ ಎತ್ತಿಕೊಂಡು ಅದನ್ನು ಕೊಯ್ಯದೆ ಕೈಯಲ್ಲೇ ತಿರುಗಿಸುತ್ತಾ ಕೂತಳು. ಆಮೇಲೆ ನಿಧಾನವಾಗಿ, ಅಡುಗೆಗೆ ಏನು ಹಾಕಬೇಕು ಅಂತ ಹೇಳುವ ದನಿಯಲ್ಲಿ ಹೇಳಿದಳು.

"ಇವತ್ತು ಅಕ್ಕಿ ನೀನೇ ಅಳಿ ಅಂತಾಳೆ. ಅಷ್ಟೇ. ಅಂದ್ಬಿಟ್ಟು ಆಚೆಗೋಯ್ತಾಳೆ."

ಹದಿನಾಲ್ಕು ಜನರಲ್ಲಿ ಒಬ್ಬರೂ ಇದಕ್ಕೆ ಎದುರು ಹೇಳಲಿಲ್ಲ. ಹೌದು ಅಂತಲೂ ಹೇಳಲಿಲ್ಲ. ಅದು ಹಾಗೇ ಆಗಿಹೋಗಿತ್ತು. ನಾನು ದಬ್ಬಳ ಹಿಡಿದು ಕೂತೇ ಇದ್ದೆ. ಇಷ್ಟು ವರ್ಷ ಬೇರೆ ಯಾರ ಕೈಯನ್ನೂ ಇಳಿಯಗೊಡದ ಡಬ್ಬ. ಅದನ್ನು ಬಿಟ್ಟುಕೊಟ್ಟರೆ ಕಾಗದ ಕೊಟ್ಟ ಹಾಗೂ ಆಯಿತು, ಮನೆಯ ಯಜಮಾನಿಕೆ ಕೊಟ್ಟ ಹಾಗೂ ಆಯಿತು, ಒಂದು ಮಾತೂ ಆಡದೆ ತಪ್ಪು ಒಪ್ಪಿಕೊಂಡ ಹಾಗೂ ಆಯಿತು. ಕಮಲಳ ಕೈ ತಾನೇ ಅಡಿಗೆ ಇಳಿಯುತ್ತದೆ, ತಾನೇ ಕಂಡುಕೊಳ್ಳುತ್ತದೆ. ಎಷ್ಟು ಸಿಟ್ಟು ಮಾಡಿಕೊಳ್ಳಬೇಕು ಅನ್ನುವುದು ಅವಳಿಗೆ ಬಿಟ್ಟದ್ದು. ನಾನು ಹತ್ತೊಂಬತ್ತು ಪುಟದಲ್ಲಿ ಹೇಳಲಾಗದ್ದನ್ನು ರತ್ನಕ್ಕ ನಾಲ್ಕು ಶಬ್ದದಲ್ಲಿ ಹೇಳಿ ಈರುಳ್ಳಿಯ ಬೇರು ಕೊಯ್ದು ಎಸೆದಿದ್ದಳು.

ಐದು ಗಂಟೆಗೆ ಭವ್ಯ ಬಂದಳು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ. ಎಂದಿನಂತೆ ಚೀಲದ ಮೇಲೆ ಕೂತು ಮೊಬೈಲು ನೋಡುತ್ತಿದ್ದಳು. ರತ್ನಕ್ಕನ ಫೋನು ಬಡಿದುಕೊಂಡಿತು. ನಾವೆಲ್ಲ ತಲೆ ತಗ್ಗಿಸಿದೆವು. ಒಂದು ಸಲ ನಿಂತು ಮತ್ತೆ ಬಡಿಯಿತು. ರತ್ನಕ್ಕ ಮುಟ್ಟಲಿಲ್ಲ.

"ನೋಡವ್ವ ಅದು ಯಾರು ಅಂತ," ಅಂದಳು. "ನನ್ ಕೈಯೆಲ್ಲ ಮಣ್ಣು."

ಭವ್ಯ ಎತ್ತಿಕೊಂಡು, ಹಲೋ ಅಂದಳು. ಯಾರು ಅಂತ ಕೇಳಿದಳು. ಫೋನು ಕಿವಿಗೆ ಹಿಡಿದುಕೊಂಡೇ ಶೆಡ್ಡಿನ ಆ ಕೊನೆಗೆ, ಹೊಲಿದ ಚೀಲಗಳ ಹಿಂದಕ್ಕೆ ಹೋದಳು. ರತ್ನಕ್ಕ ಆ ಕಡೆ ಬೆನ್ನು ಹಾಕಿ ಕೂತಿದ್ದವಳು ಒಂದು ಸಲವೂ ತಿರುಗಲಿಲ್ಲ. ಅವಳ ಕುಡುಗೋಲು ಒಂದೇ ಸಮ ನಡೆಯಿತು. ದಪ್ಪದ್ದೂ ಸಣ್ಣದ್ದೂ ಒಂದೇ ಗುಡ್ಡೆಗೆ ಬೀಳುತ್ತಿದ್ದದ್ದನ್ನು ನಾನು ನೋಡಿದೆ. ಹೊನ್ನಜ್ಜಿ ಸದ್ದಿಲ್ಲದೆ ಆರಿಸಿ ಬೇರೆ ಮಾಡುತ್ತಿದ್ದಳು.

ಭವ್ಯ ವಾಪಸು ಬಂದಾಗ ಮುಖ ಬಿಳುಚಿತ್ತು. ಎಷ್ಟು ದಿನದಿಂದ ಮಾಡ್ತಾ ಅವ್ಳೆ ಅಂತ ಕೇಳಿದಳು. ನಾಲ್ಕು ತಿಂಗಳು ಅಂದಳು ರತ್ನಕ್ಕ. ಯಾಕೆ ಅಂತ ಹೇಳಲಿಲ್ಲ, ನನ್ನದು ತಪ್ಪಾಯ್ತು ಅಂತಲೂ ಇಲ್ಲ. ಭವ್ಯ ಬ್ಯಾಗು ಎತ್ತಿಕೊಂಡು ಒಬ್ಬಳೇ ಹೊರಟಳು. ರತ್ನಕ್ಕ ಕೆಲಸ ಮುಗಿಯುವವರೆಗೆ ಕೂತಿದ್ದು, ಆಮೇಲೆ ಎದ್ದು ಹೋದಳು.

ಹನ್ನೊಂದು ದಿನ ಆ ಹುಡುಗಿ ರತ್ನಕ್ಕನ ಜೊತೆ ಒಂದು ಮಾತಾಡಲಿಲ್ಲ. ಸಂಜೆ ಶೆಡ್ಡಿಗೆ ಬರುವುದನ್ನೂ ನಿಲ್ಲಿಸಿದಳು. ಭಾನುವಾರ ಸಖರಾಯಪಟ್ಟಣಕ್ಕೆ ಬಸ್ಸು ಹತ್ತಿದಳು ಅಂತ ಸುದ್ದಿ ಬಂತು. ಅಲ್ಲೇ ಉಳಿದುಬಿಡುತ್ತಾಳೆ ಅಂತ ಕೆಲವರು. ಆ ಹನ್ನೊಂದು ದಿನ ರತ್ನಕ್ಕ ಸಣ್ಣಗಾದದ್ದನ್ನು ನಾನು ಕಣ್ಣಾರೆ ಕಂಡೆ. ಆದರೂ ಹೋಗಿ ಕಾಲು ಹಿಡಿಯಲಿಲ್ಲ. ಕಾದಳು. ನಾನು ಓದುವುದಕ್ಕೆ ಏನೂ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಹನ್ನೆರಡನೇ ದಿನ ಐದು ಗಂಟೆಯ ಬಸ್ಸಿಗೆ ಭವ್ಯ ಬಂದು, ರತ್ನಕ್ಕನ ಪಕ್ಕ ಕೂತು, ಕೆಳಗಿದ್ದ ಒಂದು ಕುಡುಗೋಲು ತೆಗೆದುಕೊಂಡು, ತೀರಾ ಕೆಟ್ಟದಾಗಿ ಈರುಳ್ಳಿ ಕೊಯ್ಯತೊಡಗಿದಳು. ಗೆಡ್ಡೆಯ ಅರ್ಧವೇ ಹೋಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, ಮೇಲಕ್ಕೆ ಹಿಡ್ಕೊಳ್ಳೇ, ಅಂದಳು ರತ್ನಕ್ಕ. ಹಿಡ್ಕೊಂಡಿದೀನಿ ಬಿಡವ್ವ, ಅಂದಳು ಭವ್ಯ.

ಮದುವೆ ಬುದ್ಧನ ಪಟದ ಮುಂದೆ ಸರಳವಾಗಿ ಆಯಿತು. ಮದುವೆ ಕಾಗದದಲ್ಲಿ ಇಬ್ಬರ ಹೆಸರೂ ಇತ್ತು, ಯಾರ ಹೆಸರು ಮೊದಲು ಅನ್ನುವುದನ್ನು ಭವ್ಯಳೇ ಹೇಳಿ ಹಾಕಿಸಿದ್ದಳಂತೆ, ಮೊದಲು ರತ್ನಮ್ಮ. ಫೋಟೋದವನು ಹುಡುಗಿ ತಾಯಿ ಬನ್ನಿ ಅಂತ ಕರೆದಾಗ ಸುಧಾನೂ ಏಳಲಿಲ್ಲ, ರತ್ನಕ್ಕನೂ ಏಳಲಿಲ್ಲ. ಎರಡು ಸಲ ಕರೆದ. ಹೊನ್ನಜ್ಜಿ ತಡೆಯಲಾರದೆ ತಾನೇ ಹೋಗಿ ಹುಡುಗಿ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬಂದಳು. ಆಲ್ಬಮ್ಮಿನಲ್ಲಿ ಇವತ್ತಿಗೂ ಹುಡುಗಿಯ ತಾಯಿಯ ಜಾಗದಲ್ಲಿ ನಾಲ್ಕು ಹಲ್ಲಿನ ನಗು ಇದೆ.

ಹೋದ ವಾರ ನಾನು ಆ ಬಸ್ಸು ಹತ್ತಿದ್ದು ಯಾಕೆ ಅಂತ ಹೇಳುತ್ತೇನೆ. ಈಗ ನಾನು ತರೀಕೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ. ಅಲ್ಲಿನ ಹಳೇ ಬೀರು ತೆಗೆದು ಧೂಳು ಹೊಡೆಯುವಾಗ ಒಂದು ಪುಸ್ತಕ ಸಿಕ್ಕಿತು. ಮೊದಲ ಪುಟ ತೆಗೆದರೆ ಪದ್ಮಮ್ಮ. ರಟ್ಟು ಇದೆ, ಹೆಸರು ಇದೆ, ಕೊನೆಯೂ ಇದೆ. ನಿಂತಲ್ಲೇ ಇನ್ನೂರ ಹನ್ನೆರಡನೇ ಪುಟ ತಿರುಗಿಸಿದೆ. ಪದ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಕಮಲಳನ್ನು ಕರೆದು, ಅವಳ ಕಾಲಿಗೆ ಬೀಳುತ್ತಾಳೆ. ತಂಗೀ ಅನ್ನುತ್ತಾಳೆ. ಮೂರು ಪುಟ ಅಳುತ್ತಾಳೆ. ಕಮಲ ತಬ್ಬಿಕೊಳ್ಳುತ್ತಾಳೆ. ನನ್ನ ಹತ್ತೊಂಬತ್ತು ಪುಟವನ್ನು ಯಾರೋ ಕದ್ದು, ನಾನು ಹುಟ್ಟುವ ಮೊದಲೇ ಅಚ್ಚು ಹಾಕಿಸಿದ ಹಾಗಿತ್ತು.

ಕುಣಿದಾಡಿದೆ. ಮೂರು ವರ್ಷದ ಅವಮಾನ ತೀರಿತು ಅಂತ ರಜೆ ಹಾಕಿ ಅಜ್ಜಂಪುರಕ್ಕೆ ಹೋದೆ. ಶೆಡ್ಡಿನಲ್ಲಿ ಕೆಲಸ ನಡೆದಿತ್ತು. ರತ್ನಕ್ಕ ಅದೇ ಜಾಗದಲ್ಲಿ ಕೂತಿದ್ದಳು, ಮಡಿಲ ಪಕ್ಕ ಭವ್ಯಳ ಮಗು ಗೋಣಿಚೀಲದ ಮೇಲೆ ಮಲಗಿತ್ತು. ಅವಳ ಮುಂದೆ ಪುಸ್ತಕ ತೆರೆದು, ಆ ಮೂರು ಪುಟ ಓದಿದೆ. ಒಂದಕ್ಷರ ಸೇರಿಸದೆ, ಯಾರ ದನಿಯೂ ತೆಗೆಯದೆ ಓದಿದೆ. ಮುಗಿಸಿ, ನೋಡಿದ್ಯಾ ರತ್ನಕ್ಕ, ಬರೆದೋರೇ ಹಿಂಗೆ ಬರೆದವ್ರೆ, ಅವತ್ತು ನಾನು ಹೇಳಿದ್ದೇ ಸರಿ ಅಂತ ಒಪ್ಕೋ, ಅಂದೆ.

ಬರೆದವರು ಗಂಡಸಾ ಅಂತ ಕೇಳಿದಳು. ರಟ್ಟು ನೋಡಿ ಹೌದು ಅಂದೆ. ಅವಳು ಕೈಲಿದ್ದ ಈರುಳ್ಳಿಯ ದಂಟು ಕೊಯ್ದು ದಪ್ಪದ ಗುಡ್ಡೆಗೆ ಎಸೆದಳು.

"ಅಡುಗೆಮನೆ ಬಾಗ್ಲಲ್ಲಿ ನಿಂತ್ಕೊಂಡು ನೋಡವ್ರೆ ಕಣಪ್ಪ. ಒಳಕ್ಕೆ ಬಂದಿಲ್ಲ."